ಸ್ಟಿಕ್ಕರಿನ ಕೆಳಗಿನ ಬಿಳಿ ಮಚ್ಚೆ

ನಮ್ಮ ಶಶಿ ಬಂದಿದ್ದಾಳೆ. ಕೂಸನ್ನು ಎತ್ತಿಕೊಂಡು ಬಂದಿದ್ದಾಳೆ. ಒಂದು ದಿನಕ್ಕಲ್ಲ, ಎರಡು ದಿನಕ್ಕಲ್ಲ, ಭರ್ತಿ ಒಂದು ತಿಂಗಳು ಇರುವುದಕ್ಕೆ ಬಂದಿದ್ದಾಳೆ. ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳಿಗೆ ನಾನು ನೀರು ಹಾಕಿದೆ. ಈ ಎರಡು ಕಾಲಿನ ಮೇಲೆ ಮಲಗಿಸಿಕೊಂಡು, ಈ ಎರಡು ಕೈಯಿಂದ ಎಣ್ಣೆ ತಿಕ್ಕಿ ಹಾಕಿದೆ. ಹೇಳಿಕೊಂಡರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಆಗಲಿ. ಹೇಳದೆ ಇಟ್ಟುಕೊಂಡು ನಾನು ಪಟ್ಟಿದ್ದು ಸಾಕಾಗಿದೆ.

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ದಿನಸಿ ಚೀಟಿ, ಮಗಳಿಗೆ ಕಾಗದ, ಇಷ್ಟು ಬಿಟ್ಟು ಬೇರೆ ಏನೂ ಬರೆದವಳಲ್ಲ. ಆದರೆ ನನ್ನ ಹಾಗೆ ಹಣೆ ಮುಚ್ಚಿಕೊಂಡು ಕೂತ ಹೆಂಗಸರು ಇನ್ನೂ ಎಷ್ಟು ಜನ ಇದ್ದಾರೋ. ಅವರಲ್ಲಿ ಒಬ್ಬರಾದರೂ ಓದಲಿ ಅಂತ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆ ದಾವಣಗೆರೆಯ ಆನೆಕೊಂಡದಲ್ಲಿ. ನಮ್ಮ ಯಜಮಾನರು ಹತ್ತಿಯ ಮಿಲ್ಲಿನಲ್ಲಿದ್ದರು. ಮಿಲ್ಲು ನಿಂತ ಮೇಲೆ ನೆಂಟರ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಾರೆ. ನನ್ನ ಕೆಲಸ ಅಂತ ಕೇಳಿದರೆ, ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆಯುವುದು. ಚಿಕ್ಕ ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಕೂಸನ್ನು ಮೊಣಕಾಲಿನಿಂದ ಕೆಳಗಿನ ಕಾಲಿನ ಮೇಲೆ ಮಕಾಡೆ ಮಲಗಿಸಿಕೊಂಡು ಬಿಸಿನೀರು ಹಾಕಬೇಕು. ನೀರಿನ ಬಿಸಿ ಎಷ್ಟಿರಬೇಕು, ಮೂಗನ್ನು ಹೇಗೆ ಹಿಂಡಬೇಕು, ನೆತ್ತಿಗೆ ಎಣ್ಣೆ ಎಷ್ಟು ಒತ್ತಬೇಕು, ಇವೆಲ್ಲ ಬರೆದಿಟ್ಟ ವಿದ್ಯೆಯಲ್ಲ, ಕೈಗೆ ಬಂದದ್ದು. ನಮ್ಮತ್ತೆಯ ಕೈಯಿಂದ ನನ್ನ ಕೈಗೆ ಬಂತು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ಮೂರು ತಿಂಗಳು ಗಿರಿಜಮ್ಮನನ್ನು ಕರೆಯುತ್ತಿದ್ದರು. ನನ್ನ ಕಾಲಿನ ಮೇಲೆ ಅತ್ತು, ಹೊಗೆ ಹಾಕಿಸಿಕೊಂಡು ಮಲಗಿದ ಹುಡುಗರು ಈಗ ಸೈಕಲ್ ಮೇಲೆ ಕಾಲೇಜಿಗೆ ಹೋಗುತ್ತಾರೆ. ಎದುರಿಗೆ ಸಿಕ್ಕರೆ ನಾಚಿಕೊಳ್ಳುತ್ತಾರೆ.

ಇಷ್ಟೆಲ್ಲ ಕೂಸುಗಳಿಗೆ ಎರೆದವಳಿಗೆ ತನ್ನ ಮಗಳ ಕೂಸಿಗೆ ಎರೆಯುವ ಆಸೆ ಎಷ್ಟಿರಬೇಡ.

ಶಶಿಕಲಾ ನಮಗೆ ಒಬ್ಬಳೇ ಮಗಳು. ಅವಳನ್ನು ಹರಿಹರಕ್ಕೆ ಕೊಟ್ಟಿದ್ದೇವೆ. ಬಸ್ಸಿನಲ್ಲಿ ಅರ್ಧ ಗಂಟೆ. ಅಳಿಯ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಮನೆಯಲ್ಲಿ ಅವನ ತಾಯಿ ಹಾಲಮ್ಮ ಇದ್ದಾರೆ, ನಮ್ಮ ಬೀಗಿತ್ತಿ. ಮದುವೆಯಾದ ಹೊಸತರಲ್ಲಿ ಶಶಿ ಬಂದಾಗಲೆಲ್ಲ ನನಗೆ ಸ್ಟಿಕ್ಕರಿನ ಹಾಳೆ ತರುತ್ತಿದ್ದಳು. ಮರೂನ್ ಬಣ್ಣದ್ದು, ಕೆಂಪು, ಸುತ್ತ ಬಂಗಾರದ ಗೆರೆ ಇದ್ದದ್ದು. ನಾನು ಅಲ್ಲಿಯ ತನಕ ಕುಂಕುಮ ಇಡುತ್ತಿದ್ದವಳು. ಕೂಸುಗಳಿಗೆ ಎರೆಯುವಾಗ ಬೆವರಿಗೆ, ನೀರಿಗೆ ಕುಂಕುಮ ಇಳಿದು ಮೂಗಿನ ತನಕ ಬರುತ್ತಿತ್ತು. ಅದನ್ನು ನೋಡಿ ಅವಳು ನಗುತ್ತಿದ್ದಳು. ಇದನ್ನ ಹಚ್ಚು ಅವ್ವ, ಎಷ್ಟು ನೀರು ಬಿದ್ದರೂ ಅಲ್ಲಾಡಲ್ಲ ಅಂತ ತಾನೇ ನನ್ನ ಹಣೆಗೆ ಅಂಟಿಸಿದಳು. ನಿಜವಾಗಿಯೂ ಅಲ್ಲಾಡಲಿಲ್ಲ. ನಾನು ಅದನ್ನು ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಮಗಳು ತಂದುಕೊಟ್ಟದ್ದು ಅಂತ ಒಂದು ಹಿಗ್ಗು ಬೇರೆ.

ನಮ್ಮೂರು ಜಿಲ್ಲೆಯಾದ ಮರುವರ್ಷ ಇರಬೇಕು, ಹಣೆ ನವೆಯಾಗತೊಡಗಿತು. ಸೆಕೆಗೆ ಅಂದುಕೊಂಡೆ. ಒಂದು ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಹಳೇ ಸ್ಟಿಕ್ಕರು ತೆಗೆದಾಗ ಅದರ ಜಾಗದಲ್ಲಿ ಬೆಳ್ಳಗೆ ಒಂದು ಚುಕ್ಕಿ ಕಂಡಿತು. ಸುಣ್ಣ ಹತ್ತಿದೆ ಅಂತ ಒರೆಸಿದೆ. ಹೋಗಲಿಲ್ಲ. ಸೋಪು ಹಾಕಿದೆ. ಹೋಗಲಿಲ್ಲ.

ತೊನ್ನು. ಆ ಮಾತನ್ನು ನಾನು ಬಾಯಲ್ಲಿ ಆಡಲಿಲ್ಲ. ಮನಸ್ಸಿನಲ್ಲಿ ಆಡಿದ್ದಕ್ಕೇ ಬಚ್ಚಲಿನ ಚಿಲಕ ಹಾಕಿಕೊಂಡೆ. ನಮ್ಮ ಕಡೆ ತೊನ್ನು ಇರುವ ಮನೆ ಅಂದರೆ ಹೆಣ್ಣು ತರುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಅದು ರಕ್ತದಲ್ಲಿ ಬರುತ್ತದೆ, ಮುಟ್ಟಿದರೆ ಬರುತ್ತದೆ ಅಂತ ನಾನೇ ನೂರು ಸಲ ಕೇಳಿದ್ದೆ. ಕೇಳಿದ್ದು ಸುಳ್ಳು ಅಂತ ಗೊತ್ತಾಗುವುದಕ್ಕೆ ಇನ್ನೂ ಬಹಳ ದಿನ ಇತ್ತು.

ಏನು ಮಾಡಿದೆ ಅಂದರೆ, ಅದರ ಮೇಲೆ ಇನ್ನೊಂದು ಸ್ಟಿಕ್ಕರು ಅಂಟಿಸಿದೆ. ಮಚ್ಚೆ ಅಂಚಿನಿಂದ ಇಣುಕಿತು. ಅದಕ್ಕಿಂತ ದೊಡ್ಡದು ತಂದೆ. ಕೆಲವು ವಾರಕ್ಕೆ ಅದರ ಅಂಚಿನಿಂದಲೂ ಇಣುಕಿತು. ಮತ್ತೆ ದೊಡ್ಡದು. ಗಾಯಕ್ಕೆ ಉಪ್ಪು ಹಾಕಿ, ಉರಿಯುತ್ತದೆ ಅಂತ ಮತ್ತೆ ಉಪ್ಪು ಹಾಕಿದ ಹಾಗೆ. ಆಗ ಗೊತ್ತಿರಲಿಲ್ಲವಲ್ಲ.

ಉಕ್ಕಡಗಾತ್ರಿಗೆ ಹೋಗಿ ಕರಿಬಸವೇಶ್ವರನ ಮುಂದೆ ಸೆರಗೊಡ್ಡಿದೆ. ಹಣೆಯ ಮೇಲೆ ದೊಡ್ಡ ಸ್ಟಿಕ್ಕರು ಇಟ್ಟುಕೊಂಡೇ ಸೆರಗೊಡ್ಡಿದೆ. ಆ ದೇವರಿಗೂ ತೋರಿಸಲಿಲ್ಲ ನೋಡಿ.

ಅದೇ ಹೊತ್ತಿಗೆ ಶಶಿ ಬಸುರಿಯಾದಳು. ಯಾವ ಸುದ್ದಿಗೆ ನಾನು ದೇವರಿಗೆ ದಿನಾ ದೀಪ ಹಚ್ಚಿದ್ದೆನೋ ಆ ಸುದ್ದಿ ಬಂದಾಗ ನನ್ನ ಎದೆ ಒಡೆಯಿತು. ಮೊದಲ ಹೆರಿಗೆ, ಬಾಣಂತನ ತವರಿನದು. ಅದನ್ನು ಹೇಳಿಕೊಡಬೇಕಿಲ್ಲ. ಅವಳು ಏಳನೇ ತಿಂಗಳಿಗೆ ಬರಬೇಕು, ನಾನು ಅವಳ ತಲೆಗೆ ಎಣ್ಣೆ ಹಚ್ಚಬೇಕು, ಕೂಸು ಹುಟ್ಟಿದರೆ ಮೊದಲು ನನ್ನ ಕೈಗೆ ಬರಬೇಕು. ಈ ಕೈಯಿಂದ ಮುಟ್ಟಿದರೆ ಕೂಸಿಗೂ ಬಂದರೆ? ಬೀಗರಿಗೆ ಗೊತ್ತಾಗಿ, ನಿಮ್ಮ ರಕ್ತ ಸರಿಯಿಲ್ಲ ಅಂತ ಮಗಳನ್ನು ಅಂದರೆ?

ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದೆ. ನನಗೆ ಸೊಂಟ ಹಿಡಿದಿದೆ, ಬಗ್ಗಲು ಆಗುವುದಿಲ್ಲ, ಬಾಣಂತನ ಅಲ್ಲೇ ಮಾಡಿಸಿಕೋ ತಾಯಿ ಅಂದೆ. ಆಗಲಿ ಅವ್ವ ಅಂದಳು. ಯಾಕೆ ಅಂತ ಕೇಳಿದ್ದರೆ ನಾನು ಅತ್ತು ಹೇಳಿಬಿಡುತ್ತಿದ್ದೆನೇನೋ. ಅವಳು ಕೇಳಲಿಲ್ಲ.

ಅವಳಿಗೆ ಅಂಟಿನುಂಡೆ ಕಟ್ಟಲು ತಂದಿಟ್ಟಿದ್ದ ಅಂಟು, ಒಣಕೊಬ್ಬರಿ, ಖಾರಿಕ ಡಬ್ಬಿಯಲ್ಲೇ ಕೂತವು. ಹಳೇ ಸೀರೆಗಳಿಂದ ಹೊಲಿದ ಕೌದಿ ಮಡಿಸಿಟ್ಟಲ್ಲೇ ಇತ್ತು. ಓಣಿಯ ಕೂಸುಗಳಿಗೆ ಎರೆಯುವುದನ್ನೂ ಬಿಟ್ಟೆ. ನಮ್ಮ ಪಕ್ಕದ ಮನೆಯ ಮಂಜುಳಾ ಆಗತಾನೆ ಹಡೆದಿದ್ದಳು. ಕರೆಯಲು ಬಂದರೆ ಅವಳಿಗೂ ಸೊಂಟದ ಕಥೆಯನ್ನೇ ಹೇಳಿದೆ. ಆದರೆ ಅವರ ಬಚ್ಚಲಿನಿಂದ ಆ ಕೂಸಿನ ಅಳು ಕೇಳಿದರೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಹೋಗಿ ಬಚ್ಚಲ ಗೋಡೆಗೆ ಒರಗಿ ಹೊರಗೆ ಕೂರುತ್ತಿದ್ದೆ. ಕಿವಿಗೆ ನೀರು ಹೋಗದಂಗೆ ಹಿಡಿ, ಬೆನ್ನಿಗೆ ಇನ್ನೊಂದು ಚೊಂಬು ಹಾಕು ಅಂತ ಅಲ್ಲಿಂದಲೇ ಹೇಳುತ್ತಿದ್ದೆ. ನನ್ನ ಕಾಲುಗಳು ತಾವಾಗೇ ಮುಂದಕ್ಕೆ ಚಾಚಿಕೊಂಡಿರುತ್ತಿದ್ದವು.

ಹರಿಹರದಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಾನೂ ನಮ್ಮವರೂ ಹೋದೆವು. ಮನೆ ತುಂಬ ಜನ. ಹಾಲಮ್ಮ ಕೂಸನ್ನು ಎತ್ತಿಕೊಂಡು ನೇರ ನನ್ನ ಹತ್ತಿರ ಬಂದರು. ಹಾಲಿನ ವಾಸನೆ, ಬಜೆಯ ವಾಸನೆ, ಸಾಂಬ್ರಾಣಿಯ ವಾಸನೆ, ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಕೂಸಿನ ಹಣೆಯ ಮೇಲೆ ದೃಷ್ಟಿಗೆ ಅಂತ ಒಂದು ಕರೀ ಸ್ಟಿಕ್ಕರು. ನಾನು ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡು, ನನಗೆ ನೆಗಡಿ ಅಂದೆ.

ಶಶಿ ತೊಟ್ಟಿಲ ಪಕ್ಕದಿಂದ ನೋಡಿದಳು. ಅವಳ ಮುಖ ನಾನು ಮರೆಯಬೇಕೆಂದರೂ ಮರೆಯಲು ಆಗುವುದಿಲ್ಲ.

ನನ್ನ ಗುಟ್ಟು ಒಡೆದದ್ದು ನಮ್ಮ ಯಜಮಾನರಿಂದ. ಹೆಂಗಸರಿಗೆಲ್ಲ ಇರುವ ಚಾಳಿಯಂತೆ ನಾನು ತೆಗೆದ ಸ್ಟಿಕ್ಕರನ್ನು ಬಚ್ಚಲಿನ ಕನ್ನಡಿಯ ಅಂಚಿಗೆ ಅಂಟಿಸುತ್ತಿದ್ದೆ. ಒಂದು ದಿನ ಅವರು ಗಡ್ಡ ಹೆರೆದುಕೊಳ್ಳುತ್ತಾ ಅವನ್ನೇ ನೋಡುತ್ತಾ ನಿಂತಿದ್ದರು. ಮೇಲಿನಿಂದ ಕೆಳಕ್ಕೆ ಸಾಲಾಗಿ, ಸಣ್ಣದು, ಅದಕ್ಕಿಂತ ದೊಡ್ಡದು, ಅದಕ್ಕಿಂತ ದೊಡ್ಡದು.

"ಏನೇ ಇದು, ಚಂದ್ರ ಬೆಳೆದಂಗೆ ಬೆಳೀತಾ ಐತೆ? ಹುಣ್ಣಿಮೆ ಯಾವಾಗ?" ಅಂದರು.

ನನಗೆ ನಗು ಬರಬೇಕಿತ್ತು. ಅಳು ಬಂತು. ಅಲ್ಲೇ ಬಚ್ಚಲಿನ ಕಲ್ಲಿನ ಮೇಲೆ ಕೂತು ಸ್ಟಿಕ್ಕರು ಕಿತ್ತು ತೋರಿಸಿದೆ. ಅವರು ಅರ್ಧ ಮುಖದ ಸೋಪು ಹಾಗೇ ಬಿಟ್ಟು ಹತ್ತಿರ ಬಂದು, ಆ ಬೆಳ್ಳನೆ ಜಾಗವನ್ನು ಬೆರಳಿನಿಂದ ಮುಟ್ಟಿದರು. ಮುಟ್ಟಬ್ಯಾಡ್ರಿ ಅಂತ ನಾನು ಹಿಂದಕ್ಕೆ ಸರಿದರೆ, ಇಷ್ಟು ವರ್ಷ ಮುಟ್ಟಿದ್ದಕ್ಕೆ ಬರದೇ ಇದ್ದದ್ದು ಇವತ್ತು ಬರುತ್ತದೇನು ಅಂತ ಗದರಿದರು. ಅವತ್ತೇ ಡಾಕ್ಟರ ಹತ್ತಿರ ಹೋಗೋಣ ಎಂದರು.

ಚರ್ಮದ ಡಾಕ್ಟರಮ್ಮನ ದವಾಖಾನೆಯಲ್ಲಿ ಕಾಯುವ ಕೋಣೆ ಇತ್ತಲ್ಲ, ಅಂಥ ಕೋಣೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬೇರೆ ದವಾಖಾನೆಯಲ್ಲಿ ಜನ ಕೂತ ತಕ್ಷಣ ನಿಮಗೇನು, ನಮಗೆ ಇಂಥದ್ದು ಅಂತ ಶುರು ಮಾಡುತ್ತಾರೆ. ಇಲ್ಲಿ ಎಲ್ಲರೂ ಏನನ್ನೋ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಒಬ್ಬ ಹಿರಿಯರು ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ಟವೆಲ್ ಜಾರಿದಾಗ ನೋಡಿದರೆ ಮೀಸೆಯ ಸುತ್ತ ತುಟಿ ಬಾತು ಬದನೆಕಾಯಿಯಾಗಿತ್ತು. ಮಗಳ ನಿಶ್ಚಯಕ್ಕೆ ಅಂತ ಮೀಸೆಗೆ ಬಣ್ಣ ಹಚ್ಚಿದ್ದರಂತೆ. ನನ್ನ ಪಕ್ಕದಲ್ಲಿ ದುಪಟ್ಟಾದಿಂದ ಮುಖ ಸುತ್ತಿಕೊಂಡ ಒಂದು ಹುಡುಗಿ. ಬೆಳ್ಳಗಾಗಲಿ ಅಂತ ಹೆಸರಿಲ್ಲದ ಯಾವುದೋ ಡಬ್ಬಿಯ ಕ್ರೀಮು ಹಚ್ಚಿ ಕೆನ್ನೆ ಸುಟ್ಟುಕೊಂಡಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು, ಯಾಕೆಂದರೆ ಎರಡನೇ ಸಲ ಹೋದಾಗ ನಾವು ಮೂವರೂ ಮತ್ತೆ ಅದೇ ಬೆಂಚಿನ ಮೇಲೆ ಸಿಕ್ಕೆವು. ಮೂರನೇ ಸಲಕ್ಕೆ ಆ ಹುಡುಗಿ ತನ್ನ ಕಡಲೆ ಮಿಠಾಯಿಯನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ನನ್ನ ಕೈಯನ್ನು ಯಾರೂ ಮುಟ್ಟಬಾರದು ಅಂತ ನಾನು ಅಷ್ಟು ದಿನ ಬದುಕಿದ್ದೆ. ಆ ಮಿಠಾಯಿಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡೆ.

ಮೊದಲ ದಿನ ಡಾಕ್ಟರಮ್ಮ ಸ್ಟಿಕ್ಕರು ತೆಗೆಯಿರಿ ಅಂದಾಗ ನಾನು ಬಾಗಿಲ ಕಡೆ ನೋಡಿದೆ. ಅವರೇ ಎದ್ದು ಪರದೆ ಎಳೆದು ಬಂದರು. ಹಣೆಯನ್ನು ನೋಡಿದರು, ಕೈ, ತುಟಿ, ಬೆನ್ನು ಎಲ್ಲ ನೋಡಿದರು. ಬೇರೆಲ್ಲೂ ಏನಿಲ್ಲ. ಆಮೇಲೆ ಕೇಳಿದರು, ಈ ಮಚ್ಚೆ ಇಷ್ಟು ದುಂಡಗೆ ಹೇಗೆ ಬಂತು ಅಂತ ಯೋಚನೆ ಮಾಡಿದ್ದೀರಾ ಅಮ್ಮಾ?

ನಾನು ಮಾಡಿರಲಿಲ್ಲ. ಒಂದು ವರ್ಷ ಅದನ್ನೇ ನೋಡಿದ್ದೆ, ಅದು ಸ್ಟಿಕ್ಕರಿನ ಅಳತೆಗೇ ಇದೆ ಅಂತ ಹೊಳೆದಿರಲಿಲ್ಲ.

ನಾನು ಹಚ್ಚುತ್ತಿದ್ದ ಸ್ಟಿಕ್ಕರುಗಳನ್ನು ತರಿಸಿ, ಒಂದೊಂದನ್ನು ನನ್ನ ಬೆನ್ನಿಗೆ ಅಂಟಿಸಿ ಮೇಲೆ ಪಟ್ಟಿ ಹಾಕಿದರು. ಎರಡು ದಿನ ನೀರು ತಾಗಿಸಬಾರದು. ಬೆನ್ನಿನ ಮೇಲೆ ನವೆ, ಕೆರೆಯುವ ಹಾಗಿಲ್ಲ. ಹಣೆ ಸಾಲದೇ ಬೆನ್ನಿಗೂ ಸಿಂಗಾರ ಮಾಡಿಕೊಂಡಳು ನಮ್ಮಾಕೆ ಅಂತ ಯಜಮಾನರು ರೇಗಿಸುತ್ತಿದ್ದರು. ಪಟ್ಟಿ ಬಿಚ್ಚಿದಾಗ ಸ್ಟಿಕ್ಕರು ಇದ್ದ ಕಡೆಯೆಲ್ಲ ಕೆಂಪಗೆ ದದ್ದು ಎದ್ದಿತ್ತು.

"ನಿಮ್ಮ ರಕ್ತದ ತಪ್ಪಲ್ಲಮ್ಮಾ, ಇದು ಸ್ಟಿಕ್ಕರಿನ ಅಂಟಿನ ತಪ್ಪು. ಇದು ಯಾರಿಗೂ ಅಂಟೋದಿಲ್ಲ. ಮಕ್ಕಳು ಮೊಮ್ಮಕ್ಕಳಿಗೂ ಬರೋದಿಲ್ಲ. ಇನ್ನೊಂದು ಮಾತು, ಮೈಮೇಲೆ ತಾನಾಗಿ ಬರೋ ಬಿಳಿ ಮಚ್ಚೆ ಇರುತ್ತಲ್ಲ, ಅದೂ ಮುಟ್ಟಿದರೆ ಅಂಟೋದಿಲ್ಲ" ಅಂದರು ಡಾಕ್ಟರಮ್ಮ.

ನಾನು ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡೆ. ಬಣ್ಣ ಪೂರ್ತಿ ಬಂದರೂ ಬರಬಹುದು, ಬರದಿದ್ದರೂ ಇರಬಹುದು, ಮುಲಾಮು ಹಚ್ಚಬೇಕು, ಹೇಳಿದಷ್ಟು ಹೊತ್ತು ಎಳೆ ಬಿಸಿಲಿಗೆ ಕೂರಬೇಕು, ಹಣೆಗೆ ಬೇರೆ ಏನೂ ಸೋಕಿಸಬಾರದು ಅಂದರು. ಕುಂಕುಮ? ಅದೂ ಬೇಡ, ನಾನು ಹೇಳುವ ತನಕ ಅಂದರು. ಮುತ್ತೈದೆ ಬರೀ ಹಣೆಯಲ್ಲಿ ಇರುವುದೇ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, "ನೀವು ಹೇಳ್ದಂಗೆ ಇರ್ತಾಳೆ ಬಿಡ್ರಿ. ಗಂಡ ಬದುಕ್ಯಾನೆ ಅಂತ ಒಂದು ಬೋರ್ಡು ಬರೆಸ್ಕೊಂಡು ನಾನೇ ಇವಳ ಹಿಂದೆ ತಿರುಗ್ತೀನಿ" ಅಂದರು. ಡಾಕ್ಟರಮ್ಮ ನಕ್ಕುಬಿಟ್ಟರು.

ನನಗೂ ನಗು ಬಂತು. ಮೆಟ್ಟಿಲು ಇಳಿಯುವಾಗ ಮೈ ಹಗುರವಾಗಿತ್ತು. ಕೊನೆಯ ಮೆಟ್ಟಿಲಿನಲ್ಲಿ ಕಾಲು ನಿಂತಿತು. ತೊಟ್ಟಿಲಿನ ದಿನ ಕೂಸಿನ ಹಣೆಯ ಮೇಲೆ ಕಂಡ ಕರೀ ಸ್ಟಿಕ್ಕರು ಕಣ್ಣಿಗೆ ಕಟ್ಟಿತು. ಮಗಳು ತನಗೆ, ನನಗೆ, ಕೂಸಿಗೆ, ಮೂವರಿಗೂ ಒಂದೇ ಅಂಗಡಿಯಿಂದ ತರುವವಳು.

ಮನೆಗೂ ಹೋಗಲಿಲ್ಲ. ಹಾಗೇ ಬಸ್‌ಸ್ಟ್ಯಾಂಡಿಗೆ ಹೋಗಿ ಹರಿಹರದ ಬಸ್ಸು ಹತ್ತಿದೆವು. ಬರೀ ಹಣೆ, ನಡುವೆ ರೂಪಾಯಿಯಷ್ಟು ಬೆಳ್ಳನೆ ಮಚ್ಚೆ. ಸೆರಗು ಎಳೆದುಕೊಳ್ಳಲಿಲ್ಲ. ಎದುರು ಸೀಟಿನ ಹೆಂಗಸು ನನ್ನ ಹಣೆ ನೋಡಿ ತನ್ನ ಮಗುವನ್ನು ಆ ಕಡೆ ತಿರುಗಿಸಿಕೊಂಡಳು. ನಿನ್ನೆಯ ತನಕ ನಾನೂ ಅವಳೇ ಆಗಿದ್ದೆ, ಬೇಜಾರು ಮಾಡಿಕೊಳ್ಳಲಿಲ್ಲ.

ಇಲ್ಲಿ ಒಂದು ತಪ್ಪು ಮಾಡಿದೆವು. ಯಜಮಾನರು ಬರಿಗೈಯಲ್ಲಿ ಹೋಗಬಾರದು ಅಂತ ಮಗಳ ಓಣಿಯ ತಿರುವಿನಲ್ಲಿ ಬಾಳೆಹಣ್ಣು ಕೊಳ್ಳಲು ನಿಂತರು. ನನಗೆ ತಾಳ್ಮೆ ಎಲ್ಲಿ, ಮುಂದೆ ಹೋಗಿ ಬಾಗಿಲು ಬಡಿದೆ. ಶಶಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದಳು. ನನ್ನ ಬರೀ ಹಣೆ ನೋಡಿದಳು. ನನ್ನ ಹಿಂದೆ ಯಾರೂ ಇಲ್ಲದ್ದು ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಕ್ಕೆ ಕುಸಿದಳು. ಹಾಲಮ್ಮ ಒಳಗಿಂದ ಓಡಿಬಂದು ಕೂಸನ್ನು ತೆಗೆದುಕೊಂಡರು.

"ಅಪ್ಪ ಯಾವಾಗ..." ಅಂದಳು ಶಶಿ.

ಅವಳು ಏನು ತಿಳಿದುಕೊಂಡಳು ಅಂತ ನನಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಹಿಂದಿನಿಂದ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಇವರು ಬಂದು, ಯಾಕೆ ಎಲ್ಲ ಬಾಗಿಲಲ್ಲೇ ಇದ್ದೀರಿ ಅಂದರು. ಅವಳು ಎದ್ದು ಹೋಗಿ ಅಪ್ಪನ ಎದೆಗೆ ಗುದ್ದಿ ಗುದ್ದಿ ಅತ್ತಳು. ಪಾಪ, ಇವರು ಯಾಕೆ ಹೊಡೆಸಿಕೊಳ್ಳುತ್ತಿದ್ದೇನೆ ಅಂತ ತಿಳಿಯದೆ ಹಣ್ಣನ್ನು ಮೇಲೆತ್ತಿ ಹಿಡಿದುಕೊಂಡು ನಿಂತಿದ್ದರು.

ಒಳಗೆ ಕೂತು ಎಲ್ಲವನ್ನೂ ಹೇಳಿದೆ. ನವೆ, ಮಚ್ಚೆ, ಸೊಂಟದ ಸುಳ್ಳು, ನೆಗಡಿಯ ಸುಳ್ಳು. ಹಾಲಮ್ಮ ಅರ್ಧ ಮಾತಿಗೇ ಎದ್ದು ಕೊಬ್ಬರಿ ಎಣ್ಣೆ ತಂದು, ಕೂಸಿನ ಹಣೆಯ ಸ್ಟಿಕ್ಕರಿಗೆ ಸವರಿ ನಿಧಾನವಾಗಿ ಬಿಡಿಸಿದರು. ಕೆಳಗೆ ಕೆಂಪಗೆ ಒಂದು ಬಳೆಯ ಹಾಗೆ ಗುರುತು. ಬೆಳ್ಳಗಲ್ಲ, ಬರೀ ಕೆಂಪು. ಆ ಗುರುತು ನಾಲ್ಕೈದು ದಿನಕ್ಕೆ ಹೋಯಿತು ಅನ್ನಿ, ಆದರೆ ಅವತ್ತು ಅದನ್ನು ನೋಡಿ ಮೂವರು ಹೆಂಗಸರೂ ಉಸಿರು ಹಿಡಿದುಕೊಂಡಿದ್ದೆವು.

"ಆ ಸ್ಟಿಕ್ಕರು ನಾನ್ ತಂದ್ಕೊಟ್ಟಿದ್ದಲ್ಲವಾ" ಅಂದಳು ಶಶಿ.

"ನೀನು ಪ್ರೀತಿಯಿಂದ ತಂದಿದ್ದು. ನಿನಗೇನು ಗೊತ್ತಿತ್ತು" ಅಂದೆ.

"ಗೊತ್ತಾಗಂಗೆ ನೀನು ಬಾಯಿ ಬಿಟ್ಟಿದ್ರೆ ತಾನೇ ಅವ್ವ. ಅವ್ವಗೆ ನಾನು ಬ್ಯಾಡಾದೆ ಅಂತ ಬಸುರಾಗಿದ್ದಷ್ಟು ದಿನಾನೂ ಅತ್ತೀನಿ. ಓಣಿ ಹೆಂಗಸ್ರು ತವರಿಗೆ ಯಾಕ ಹೋಗ್ಲಿಲ್ಲ ಅಂತ ಕೇಳಿದ್ರೆ ಏನು ಹೇಳ್ಲಿ? ಒಂದು ಮಚ್ಚೆಗೆ ನನ್ನ ಬಿಟ್ಟೆಯಲ್ಲ."

ಕೂಸಿಗೆ ಹಾಲು ಕುಡಿಸಬೇಕು ಅಂತ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಹೊರಡುವ ತನಕ ತೆಗೆಯಲಿಲ್ಲ.

ಹಾಲಮ್ಮ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದರು. ನಮ್ಮ ರಕ್ತದ ಮಾತು ಎತ್ತುತ್ತಾರೆ ಅಂತ ನಾನು ವರ್ಷವಿಡೀ ಹೆದರಿದ್ದು ಇವರಿಗೇ. ಅವರು ಆಡಿದ ಮಾತು ಬೇರೆ. "ಸಿಟ್ಟು ಇಳೀಲಿ ಬಿಡ್ರಿ ಅಕ್ಕಾರೆ, ಹಸೀ ಬಾಣಂತಿ. ಹಣೆಗೆ ಬ್ಯಾಡ ಅಂದ್ರೆ ತಾಳಿಗೆ ಕುಂಕುಮ ಹಚ್ಕೊಳ್ರಿ. ಗಂಡ ಕಟ್ಟಿದ್ದು ಅದನ್ನೇ ತಾನೇ" ಅಂದರು. ಅವತ್ತಿನಿಂದ ಇವತ್ತಿನವರೆಗೂ ನಾನು ತಾಳಿಗೇ ಹಚ್ಚುತ್ತೇನೆ.

ಆಮೇಲಿನ ತಿಂಗಳುಗಳನ್ನು ಏನಂತ ಬರೆಯಲಿ. ದಿನಾ ಬೆಳಿಗ್ಗೆ ಮುಲಾಮು ಹಚ್ಚಿಕೊಂಡು ಬಾಗಿಲ ಕಟ್ಟೆಯ ಮೇಲೆ ಬಿಸಿಲಿಗೆ ಹಣೆಯೊಡ್ಡಿ ಕೂರುತ್ತಿದ್ದೆ. ಹೋಗಿ ಬರುವವರು ಮೊದಮೊದಲು ಮಾತು ಕಡಿಮೆ ಮಾಡಿದರು. ನಾನೇ ಕರೆದು ಹೇಳತೊಡಗಿದ ಮೇಲೆ ಕೂತು ಕೇಳಿದರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಡಬ್ಬಿ, ಬಾಟಲಿ ತಂದು ಇದು ಹಚ್ಚಬಹುದೇ ಅಂತ ಕೇಳುವವರಾದರು. ನನಗೇನು ಗೊತ್ತು. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ. ಮಾಡಿದವರ ಹೆಸರಿಲ್ಲದ್ದು, ಒಳಗೆ ಏನಿದೆ ಅಂತ ಬರೆಯದೇ ಇರುವುದು ಕೊಳ್ಳಬೇಡಿ. ಹೊಸದು ಏನೇ ಆದರೂ ಮೊದಲು ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಮನೆಯಲ್ಲಿ ಮಾಡಿದ್ದು ಅಂತ ಎಲ್ಲವೂ ಒಳ್ಳೆಯದಲ್ಲ, ಅರಿಸಿನ ನಿಂಬೆಹಣ್ಣೂ ಕೆಲವರ ಮೈಗೆ ಆಗುವುದಿಲ್ಲ. ಕೂಸಿನ ಕಣ್ಣಿಗೆ ಯಾವ ಕಾಡಿಗೆಯೂ ಬೇಡ. ಈ ಕೊನೆಯ ಮಾತು ನನಗೇ ಕಷ್ಟವಾಯಿತು. ನಾನು ದೀಪದ ಮಸಿಯಿಂದ ಕಾಡಿಗೆ ಮಾಡಿ ಎಷ್ಟು ಕೂಸುಗಳ ಕಣ್ಣಿಗೆ ಹಚ್ಚಿಲ್ಲ.

ಒಂದು ದಿನ ಫ್ಯಾನ್ಸಿ ಸ್ಟೋರಿನಲ್ಲಿ ಪೌಡರಿನ ಡಬ್ಬಿ ತಿರುಗಿಸಿ ತಿರುಗಿಸಿ ನೋಡುತ್ತಾ, ಇದರಲ್ಲಿ ಏನೇನು ಹಾಕಿದ್ದಾರೆ ಅಂತ ಕೇಳಿದೆ. ಅಂಗಡಿಯವನು, "ಹಚ್ಕೊಳ್ಳೋದು ಅಜ್ಜಿ ಇದು, ತಿನ್ನೋದಲ್ಲ" ಅಂದ.

"ತಿಂದಿದ್ದಾದ್ರೆ ಉಗುಳಬಹುದಪ್ಪ. ಹಚ್ಚಿದ್ದು ಹೆಂಗೆ ಉಗುಳ್ಲಿ?" ಅಂದೆ. ಅವನು ಆಮೇಲೆ ಡಬ್ಬಿಯ ಮೇಲಿನ ಇಂಗ್ಲಿಷನ್ನು ತಾನೇ ಓದಿ ಹೇಳಿದ.

ಹೀಗೆ ಬಾಯಿ ಜೋರಾಯಿತು, ಹಣೆಯಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟು ಬಣ್ಣ ಮೊಳೆಯಿತು. ಕೈ ಮಾತ್ರ ಖಾಲಿ. ಹರಿಹರಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಶಶಿ ಚಹಾ ಕೊಡುತ್ತಿದ್ದಳು, ಊಟಕ್ಕೆ ಹಾಕುತ್ತಿದ್ದಳು. ಕೂಸು ಹಾಲಮ್ಮನ ಕೈಯಲ್ಲಿ, ಅಳಿಯನ ಹೆಗಲ ಮೇಲೆ, ಅಜ್ಜನ ತೊಡೆಯ ಮೇಲೆ. ಒಂದು ಸಲ ತಡೆಯಲಾರದೆ, ಸ್ವಲ್ಪ ಎತ್ತಿಕೊಳ್ಳಲೇನೇ ಅಂತ ಕೇಳಿದೆ.

"ನೆಗಡಿ ಹೋಯ್ತಾ ಅವ್ವ?" ಅಂದಳು.

ನಾನು ಮತ್ತೆ ಕೇಳಲಿಲ್ಲ. ಕೂಸು ಮಗುಚಿಕೊಂಡಿತು, ತೆವಳಿತು, ಕೂತಿತು, ಹಲ್ಲು ಬಂದವು. ಪ್ರತಿಯೊಂದನ್ನೂ ನಾನು ಬಾಗಿಲ ಪಕ್ಕದ ಕುರ್ಚಿಯಿಂದ ನೋಡಿದೆ. ಮನೆಗೆ ಬಂದರೆ ಹೊಲಿದಿಟ್ಟ ಕೌದಿಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಮಡಿಸಿಡುತ್ತಿದ್ದೆ. ಕೂಸುಗಳು ದಿನಕ್ಕೊಂದು ಚೂರು ಬೆಳೆಯುತ್ತವೆ ಅಂತ ಎರೆಯುವವರ ಕೈಗೆ ಮಾತ್ರ ಗೊತ್ತು. ಇವತ್ತು ಅಂಗೈಯಲ್ಲಿ ಹಿಡಿದ ಕುತ್ತಿಗೆ ಬರುವ ವಾರ ಅಂಗೈಯಲ್ಲಿ ಹಿಡಿಸುವುದಿಲ್ಲ. ಆ ಅಳತೆಗಳೆಲ್ಲ ನನ್ನ ಕೈಗೆ ಸಿಗದೇ ಹೋಗುತ್ತಿದ್ದವು.

ಹೋದ ವಾರ ನಮ್ಮ ಪಕ್ಕದ ಮನೆಯ ಮಂಜುಳಾ ನೆಂಟರ ಮನೆಗೆ ಅಂತ ಹರಿಹರಕ್ಕೆ ಹೋದವಳು ಶಶಿಯನ್ನೂ ಕಂಡು ಬಂದಳು. ಏನು ಮಾತಾಡಿಕೊಂಡರು ಅಂತ ಆಮೇಲೆ ತಿಳಿಯಿತು. ನಿಮ್ಮವ್ವ ನನ್ನ ಕೂಸನ್ನೂ ಮುಟ್ಟಲಿಲ್ಲ, ದಿನಾ ನಮ್ಮ ಬಚ್ಚಲ ಗೋಡೆಯ ಆಚೆ ಕೂತು, ಹಂಗೆ ಹಿಡಿ ಹಿಂಗೆ ಹಿಡಿ ಅಂತ ಅಳುತ್ತಾ ಹೇಳಿಕೊಡುತ್ತಿದ್ದರು ಅಂದಳಂತೆ. ನಾನು ಅಳುತ್ತಿದ್ದದ್ದು ಗೋಡೆಯ ಆಚೆ ಕೇಳುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಮೂರು ದಿನ ಕಳೆದು ಬೂತಿನ ಹುಡುಗಿ ಬಂದು ನಿಮಗೆ ಫೋನು ಅಂದಳು. ಓಡಿದೆ.

"ಅವ್ವ, ಅಂಟಿನುಂಡೆ ಕಟ್ಟಿಡು. ನಾಡಿದ್ದು ಬರ್ತೀನಿ. ನನ್ನ ಬಾಣಂತನ ಬಾಕಿ ಐತೆ" ಅಂದಳು ನನ್ನ ಮಗಳು.

ಹಡೆದು ಹತ್ತು ತಿಂಗಳಾದ ಬಾಣಂತಿ. ನಾನು ಹಳೇ ಅಂಟು, ಕೊಬ್ಬರಿ ಎಲ್ಲ ಚೆಲ್ಲಿ ಹೊಸದು ತಂದೆ.

ನಿನ್ನೆ ಬೆಳಗಿನ ಬಸ್ಸಿಗೆ ಬಂದಳು. ಹೊಸಲು ದಾಟುವ ಮೊದಲೇ ಕೂಸನ್ನು ನನ್ನ ಕೈಗೆ ಹಾಕಿದಳು. ಎಷ್ಟು ಭಾರ ಇದ್ದಾಳೆ ಗೊತ್ತೇ ನನ್ನ ಸಿಂಚನಾ! ಹಂಡೆಯಲ್ಲಿ ನೀರು ಕಾಯಿಸಿ, ಮಣೆ ಹಾಕಿ, ಕಾಲು ಚಾಚಿ ಕೂತೆ. ಹತ್ತು ತಿಂಗಳ ಕೂಸಿಗೆ ಕಾಲ ಮೇಲೆ ಎರೆಯುವುದು ಅಂದರೆ ಎಣ್ಣೆ ಹಚ್ಚಿದ ಸೋರೆಕಾಯಿ ಹಿಡಿದ ಹಾಗೆ. ಮಲಗಿಸಿದರೆ ಎದ್ದು ಕೂರುತ್ತಾಳೆ, ಕೂರಿಸಿದರೆ ಚೊಂಬು ಕಸಿಯುತ್ತಾಳೆ. ಕಡೆಗೆ ಅಜ್ಜಿ ಮೊಮ್ಮಗಳು ಇಬ್ಬರಿಗೂ ಸ್ನಾನವಾಯಿತು. ಅಂಗೈಯಷ್ಟಿದ್ದ ಆ ಮೈಗೆ ನಾನು ಎರೆಯಲಿಲ್ಲ. ಅದು ಇನ್ನು ಸಿಗುವುದಿಲ್ಲ. ಕೈಯಲ್ಲಿ ಇದ್ದದ್ದು ಮಾತ್ರ ಬೆಚ್ಚಗೆ, ಒದ್ದೆಯಾಗಿ, ಕೇಕೆ ಹಾಕುತ್ತಿತ್ತು.

ನನ್ನ ಹಣೆಯ ಮಚ್ಚೆ ಪೂರ್ತಿ ಹೋಗಿಲ್ಲ. ನಡುವೆ ಕಡಲೆಬೇಳೆಯಷ್ಟು ಬಿಳುಪು ಉಳಿದಿದೆ. ಅದು ಇನ್ನು ಹೋಗಲಿಕ್ಕಿಲ್ಲ ಅಂದಿದ್ದಾರೆ ಡಾಕ್ಟರಮ್ಮ. ಇರಲಿ. ಶಶಿಯ ತಲೆಗೆ ಎಣ್ಣೆ ತಿಕ್ಕುವಾಗ ಅವಳು ಕತ್ತೆತ್ತಿ ಅದನ್ನು ಬೆರಳಿನಿಂದ ಮುಟ್ಟಿ, ಉರಿಯುತ್ತಾ ಅಂತ ಕೇಳಿದಳು. ಇಲ್ಲ ಅಂದೆ.

ಸಂಜೆ ಕಾರ್ಖಾನೆ ಬಿಟ್ಟ ಮೇಲೆ ಅಳಿಯ ಬಂದ, ಹಾಲಮ್ಮನನ್ನೂ ಕರೆದುಕೊಂಡು. ನಾನು ಬಾಣಂತಿಗೆ ಅಂತ ಮೆಣಸು, ಜೀರಿಗೆ, ಬೆಳ್ಳುಳ್ಳಿಯ ಸಾರು ಮಾಡಿದ್ದೆ. ಉಳಿದವರಿಗೆ ರೊಟ್ಟಿ, ಎಣಗಾಯಿ, ಹಸಿಮೆಣಸಿನಕಾಯಿ ಚಟ್ನಿ. ಶಶಿ ಸುಮ್ಮನಿರಲಿಲ್ಲ. ಬಾಣಂತನ ಮನೆಗೆಲ್ಲ ಒಂದೇ, ಯಾರಿಗೂ ಚಟ್ನಿ ಇಲ್ಲ ಅಂತ ಬಟ್ಟಲನ್ನು ಎತ್ತಿಟ್ಟಳು. ಬಡಿಸುವವರು ಆಮೇಲೆ ಉಣ್ಣುತ್ತಾರೆ ಅನ್ನುವ ಮಾತೂ ಬೇಡ ಅಂತ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದಳು. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು. ಯಜಮಾನರು ಎರಡು ತುತ್ತು ತಿಂದು, "ಹಡೆದಿದ್ದು ಅವಳು, ಪಥ್ಯ ನನಗ್ಯಾಕ?" ಅಂದರು. ಸುಮ್ಮನೆ ಉಣ್ರಿ ಬೀಗರೆ, ಹೊಟ್ಟೆ ಕರಗುತ್ತದೆ ಅಂದರು ಹಾಲಮ್ಮ. ಅಳಿಯ ನಗಬಾರದು ಅಂತ ತಲೆ ಬಗ್ಗಿಸಿ ನಗುತ್ತಿದ್ದ. ಕೂಸು ಎಲ್ಲರ ತಟ್ಟೆಗೂ ಕೈ ಹಾಕುತ್ತಾ ಸಾಲಿನ ಈ ತುದಿಯಿಂದ ಆ ತುದಿಗೆ ತೆವಳಿತು.

ಶಶಿ ಬೆವರು ಒರೆಸಿಕೊಳ್ಳುತ್ತಾ ಉಂಡಳು. ಎರಡು ಸಲ ಅನ್ನ ಹಾಕಿಸಿಕೊಂಡಳು. ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿ, ನನ್ನ ಕಡೆ ತಿರುಗಿ, "ನಾಳೆಗೂ ಇದನ್ನೇ ಮಾಡವ್ವ" ಅಂದಳು.

ಹೂಂ ಅಂದೆ.